ನಾನು ಫಾರ್ಮ್ಯಾಟ್ ಹೊಡೆದ ಒಡಪುಗಳು

ನೀಲಮ್ಮ ಅಕ್ಕೋರ ಕಂಪ್ಯೂಟರಿನ ಡಿಸ್ಕ್ ಸುಟ್ಟಿರಲಿಲ್ಲ. ಅದು ಗಟ್ಟಿಮುಟ್ಟಾಗಿಯೇ ಇತ್ತು. ಅದರಲ್ಲಿದ್ದ ಒಡಪುಗಳನ್ನೆಲ್ಲ ಅಳಿಸಿದವನು ನಾನು — ಕೈಯಾರೆ, ಹಾಡಹಗಲು, ಶಿಳ್ಳೆ ಹಾಕುತ್ತ ಅಳಿಸಿದೆ. ಅವರು ಹೀಗೆ ಮಾಡು ಎಂದು ಒಂದು ದಾರಿ ಹೇಳಿದ್ದರು. ನಾನು ಇನ್ನೊಂದು ದಾರಿ ಹಿಡಿದೆ. ಆಮೇಲೆ ಡಿಸ್ಕ್ ಸುಟ್ಟಿತೆಂದು ಹೇಳಿದೆ. ಆರು ವರ್ಷ ಅದನ್ನೇ ಹೇಳುತ್ತ ಬಂದೆ.

ಈ ಒಡಪಿನ ಪುಸ್ತಕದ ಕೊನೆಗೆ ಕಂಪ್ಯೂಟರ್ ಕೆಲಸದ ಬಗ್ಗೆ ನೀನೂ ಎರಡು ಮಾತು ಬರೆ ಎಂದು ಅಕ್ಕೋರು ನನಗೆ ಜಾಗ ಬಿಟ್ಟಿದ್ದರು. ಎರಡು ಮಾತೆಂದರೆ ಇವೇ. ಉಳಿದದ್ದು ಇದೆಲ್ಲ ಹೇಗಾಯಿತು ಎಂಬುದು — ಮತ್ತು, ಹೇಳಲು ನಾಚಿಕೆಯಾಗುತ್ತದೆ, ಅದರಲ್ಲಿ ಬಹುಪಾಲು ಸಂತೋಷವೇ ಇದೆ.

ನಾನು ಬಸವರಾಜ. ಕುಷ್ಟಗಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಒಂದನೇ ತರಗತಿಯಲ್ಲಿ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವರು ನೀಲಮ್ಮ ಅಕ್ಕೋರು. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಅವರಿಗೆ ವರ್ಗವಾಗದ ತಾಲೂಕಿಲ್ಲ — ಯಲಬುರ್ಗಾ, ಗಂಗಾವತಿ, ಕೊಪ್ಪಳ, ಕೊನೆಗೆ ನಮ್ಮ ಕುಷ್ಟಗಿ. ಹೋದ ಊರಲ್ಲೆಲ್ಲ ಅವರು ಒಂದು ಹುಚ್ಚು ಹಚ್ಚಿಕೊಂಡಿದ್ದರು. ಹೆಂಗಸರ ಬಾಯಿಂದ ಒಡಪು ಬರೆದುಕೊಳ್ಳುವುದು.

ನಮ್ಮ ಹಳ್ಳಿಗಳಲ್ಲಿ ಹಿಂದಿನ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಹೇಳುತ್ತಿರಲಿಲ್ಲ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಗೆಳತಿಯರು ಅಡ್ಡಗಟ್ಟಿ ನಿಂತು ‘ಹೆಸರು ಹೇಳು, ಒಳಗ ಬಿಡ್ತೀವಿ’ ಎಂದು ಹಟ ಹಿಡಿದಾಗ, ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಅಡಗಿಸಿ ಹೇಳುತ್ತಿದ್ದರು. ಅದೇ ಒಡಪು. ಕೆಲವರಿಗೆ ಒಂದೇ ಬರುತ್ತಿತ್ತು, ಜೀವಮಾನವಿಡೀ ಅದನ್ನೇ ಹೇಳುತ್ತಿದ್ದರು. ಕೆಲವರು ನಿಂತ ನಿಲುವಿನಲ್ಲಿ ಹೊಸದು ಕಟ್ಟುತ್ತಿದ್ದರು. ಅಕ್ಕೋರು ಕೈಗೆ ಸಿಕ್ಕ ಕಾಗದದ ಮೇಲೆ — ಹಾಜರಿ ಪುಸ್ತಕದ ಹಿಂಬದಿ, ಬಸ್ ಟಿಕೀಟು, ಲಗ್ನಪತ್ರಿಕೆಯ ಖಾಲಿ ಜಾಗ — ಬರೆದುಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಒಂದು ಕಂಪ್ಯೂಟರ್ ಕೊಂಡರು. ಎರಡು ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಎರಡು ವರ್ಷ ಕೂತು ಆ ಚೀಟಿಗಳನ್ನೆಲ್ಲ ಟೈಪ್ ಮಾಡಿದರು. ಟೈಪ್ ಮಾಡಿ ಮುಗಿದ ಚೀಟಿಯನ್ನು ಸ್ನಾನದ ನೀರಿನ ಒಲೆಗೆ ಹಾಕುತ್ತಿದ್ದರು. ‘ಇನ್ನ ಅವು ಭದ್ರ ಆದ್ವು, ಚೀಟಿ ಯಾಕ’ ಎಂದು ನನಗೇ ಒಮ್ಮೆ ಹೆಮ್ಮೆಯಿಂದ ಹೇಳಿದ್ದರು. ನಾನೂ ಹೌದು ಎಂದಿದ್ದೆ.

ಒಂದು ದಿನ ಆ ಕಂಪ್ಯೂಟರಿನ ಪರದೆಯ ಮೇಲೆ ಸೂಚನೆ ಬರತೊಡಗಿತು: ಈ ಆಪರೇಟಿಂಗ್ ಸಿಸ್ಟಂ ಹಳೆಯದಾಯಿತು, ಇನ್ನು ಮುಂದೆ ಇದಕ್ಕೆ ರಕ್ಷಣೆ ಇಲ್ಲ, ಹೊಸದಕ್ಕೆ ಬನ್ನಿ. ಅಕ್ಕೋರು ಗಾಬರಿಯಾಗಿ, ಕಂಪ್ಯೂಟರಿನ ಡಬ್ಬಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಅಂಗಡಿಗೆ ತಂದರು.

ಹೊಸದನ್ನು ಹಾಕಲು ಮೂರು ದಾರಿ ಇವೆ ಎಂದು ನಾನು ಅವರಿಗೆ ವಿವರಿಸಿದೆ. ವಿವರಿಸುವಾಗ ನನಗೆ ಬಹಳ ಖುಷಿಯಾಗಿತ್ತು — ಅಕ್ಷರ ಕಲಿಸಿದವರಿಗೆ ನಾನು ಪಾಠ ಹೇಳುತ್ತಿದ್ದೇನೆ ಎಂಬ ಖುಷಿ. ಮೊದಲನೆಯದು, ಇಂಟರ್ನೆಟ್ಟಿನಿಂದ ಕಂಪ್ಯೂಟರೇ ಹೊಸದನ್ನು ಇಳಿಸಿಕೊಂಡು ತನ್ನಷ್ಟಕ್ಕೆ ಹಾಕಿಕೊಳ್ಳುವುದು. ನಮ್ಮ ಅಂಗಡಿಯ ಆಗಿನ ನೆಟ್ಟಿಗೆ ಅದು ಇಡೀ ದಿನದ ಕೆಲಸ, ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಎರಡನೆಯದು, ಪೆನ್‌ಡ್ರೈವಿನಲ್ಲಿ ಹೊಸದನ್ನು ತಂದು ಹಳೆಯದರ ಮೇಲೇ ಏರಿಸುವುದು. ಫೈಲು, ಫೋಟೋ, ಟೈಪಿಂಗ್ ಸಾಫ್ಟ್‌ವೇರ್ ಎಲ್ಲ ಇದ್ದಲ್ಲೇ ಇರುತ್ತವೆ, ಆದರೆ ಮೂರು ನಾಲ್ಕು ತಾಸು ಹಿಡಿಯುತ್ತದೆ. ಮೂರನೆಯದು, ಬೇಕಾದ ಫೈಲುಗಳನ್ನು ಬೇರೆ ಕಡೆ ತೆಗೆದಿಟ್ಟು, ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ಹಾಕುವುದು. ನಮ್ಮ ಭಾಷೆಯಲ್ಲಿ ಫಾರ್ಮ್ಯಾಟ್ ಹೊಡೆಯುವುದು. ಮುಕ್ಕಾಲು ತಾಸು ಸಾಕು. ಕಂಪ್ಯೂಟರ್ ಹೊಸದರಂತೆ ಓಡುತ್ತದೆ.

ಅಕ್ಕೋರು ಕೇಳಿ, ಸ್ವಲ್ಪ ಯೋಚಿಸಿದರು.

‘ಮನಿಗೆ ಸುಣ್ಣ ಹಚ್ಚೂವಾಗ ಸಾಮಾನು ಒಳಗ ಇಟ್ಟ ಹಚ್ಚಬಹುದು, ಹೊರಗ ತಗದೂ ಹಚ್ಚಬಹುದು. ಹೊರಗ ತಗದ್ರ ಏನರ ಒಂದು ಕಳದ ಕಳೀತೈತಿ. ನೀ ಎರಡನೇದು ಮಾಡು. ತಡ ಆದ್ರ ಆಗ್ಲಿ, ನನಗೇನು ಅವಸರಿಲ್ಲ.’

‘ಆತ್ರಿ ಅಕ್ಕೋರ.’

‘ನನ್ನ ಒಡಪು ಎಲ್ಲಿ ಅದಾವ ಅಂತ ಗೊತ್ತೈತಲ್ಲ ನಿನಗ?’

‘ಗೊತ್ತೈತ್ರಿ.’

ಗೊತ್ತಿರಲಿಲ್ಲ. ಕೇಳಬಹುದಿತ್ತು — ತೋರಿಸ್ರಿ ಎಂದಿದ್ದರೆ ಅವರೇ ಮೌಸ್ ಹಿಡಿದು ತೋರಿಸುತ್ತಿದ್ದರು. ಕೇಳಲಿಲ್ಲ. ಎಲ್ಲರಂತೆ ಅವರೂ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಟ್ಟಿರುತ್ತಾರೆ ಎಂದುಕೊಂಡೆ.

ಅವತ್ತು ಶನಿವಾರ. ಗೆಳೆಯರು ಆನೆಗೊಂದಿ ಕಡೆ ಹೊರಟಿದ್ದರು — ಹೊಳೆಯಲ್ಲಿ ಈಜು, ದಂಡೆಯ ಮೇಲೆ ಊಟ. ಮಧ್ಯಾಹ್ನಕ್ಕೆ ಅಂಗಡಿ ಮುಚ್ಚಬೇಕಿತ್ತು. ಆದರೆ ಹೊಳೆಯ ಮೇಲೆ ತಪ್ಪು ಹಾಕಲಾರೆ. ಅದಕ್ಕಿಂತ ದೊಡ್ಡದು ನನ್ನೊಳಗೇ ಇತ್ತು. ಹಳೆಯದರ ಮೇಲೆ ಹೊಸದನ್ನು ಏರಿಸುವುದು ಅಂಜುಬುರುಕರ ಕೆಲಸ, ಅಳಿಸಿ ಹಾಕುವವನೇ ನಿಜವಾದ ಮೆಕ್ಯಾನಿಕ್ ಎಂದು ನಂಬಿದ್ದೆ. ಅಕ್ಕೋರಿಗೆ ಇದೆಲ್ಲ ಏನು ತಿಳಿಯುತ್ತದೆ, ಕಂಪ್ಯೂಟರ್ ಚುರುಕಾಗಿ ಓಡಿದರೆ ಅವರೇ ಶಾಭಾಷ್ ಅನ್ನುತ್ತಾರೆ… ಹೀಗೆ ಅಂದುಕೊಂಡು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಫೋಟೋ ಮೂರನ್ನೂ ಪೆನ್‌ಡ್ರೈವಿಗೆ ತೆಗೆದುಕೊಂಡೆ. ಉಳಿದದ್ದನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದೆ.

ಮರುದಿನ ಅಂಗಡಿಗೆ ಬಂದು ಟೈಪಿಂಗ್ ಸಾಫ್ಟ್‌ವೇರ್ ಮತ್ತೆ ಹಾಕುವಾಗ ತಿಳಿಯಿತು. ಆ ಹಳೆಯ ಸಾಫ್ಟ್‌ವೇರ್ ಬರೆದದ್ದನ್ನೆಲ್ಲ ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಅಕ್ಕೋರು ಎರಡು ವರ್ಷ ‘ಸೇವ್’ ಒತ್ತಿದ್ದೆಲ್ಲ ಅಲ್ಲಿಗೇ ಹೋಗಿತ್ತು. ನಾನು ತೆಗೆದಿಟ್ಟ ಪೆನ್‌ಡ್ರೈವಿನಲ್ಲಿ ಮೊಮ್ಮಕ್ಕಳ ಫೋಟೋಗಳಿದ್ದವು, ಪಿಂಚಣಿಯ ಅರ್ಜಿಯೊಂದಿತ್ತು. ಒಡಪು ಒಂದೂ ಇರಲಿಲ್ಲ.

ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಒಂದನ್ನು ಓಡಿಸಿ ನೋಡಿದೆ. ಕೆಲವು ಫೈಲುಗಳ ಹೆಸರು ಮಾತ್ರ ಬಂದವು — ‘ಹನುಮಸಾಗರ ೩’, ‘ಕನಕಗಿರಿ ದುರಗವ್ವ’. ತೆರೆದರೆ ಒಳಗೆ ಚೌಕಳಿ ಚೌಕಳಿ ಗುರುತುಗಳು. ನನ್ನ ಕೈಯಲ್ಲಿ ಅಷ್ಟೇ ಆಗುತ್ತಿತ್ತು. ಆದರೆ ಹೊಸಪೇಟೆಯಲ್ಲಿ ಈ ಕೆಲಸವನ್ನೇ ಮಾಡುವವರು ಒಬ್ಬರಿದ್ದರು. ಅವರ ಹತ್ತಿರ ಒಳ್ಳೆಯ ಯಂತ್ರಗಳಿದ್ದವು. ಆ ಡಿಸ್ಕನ್ನು ಮತ್ತೆ ಮುಟ್ಟದೆ ಅವರಿಗೆ ಕಳಿಸಿದ್ದರೆ ಬಹಳಷ್ಟು ವಾಪಸು ಬರುತ್ತಿತ್ತು. ನನಗೆ ಇದು ಅಂದೇ ಗೊತ್ತಿತ್ತು. ಇದನ್ನು ಎರಡು ಸಲ ಓದಿರಿ — ಅಂದೇ ಗೊತ್ತಿತ್ತು.

ಸೋಮವಾರ ಅಕ್ಕೋರು ಬಂದರು. ನಾನು ಅಷ್ಟರಲ್ಲಿ ಹಳೆಯ ಡಿಸ್ಕ್ ಬಿಚ್ಚಿ, ಹೊಸದೊಂದನ್ನು ಹಾಕಿ, ಹಳೆಯದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

‘ಅಕ್ಕೋರ, ಅಪ್‌ಡೇಟ್ ನಡದಾಗ ಡಿಸ್ಕ್ ಸುಟ್ಟ ಹೋತ್ರಿ. ಒಡಪು ಹ್ವಾದ್ವು. ಫೋಟೋ ಅಷ್ಟ ಉಳಿಸೀನಿ.’

ಅವರು ಡಿಸ್ಕನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಸುಟ್ಟ ಕಲೆ ಹುಡುಕಿದರೋ ಏನೋ. ಆಮೇಲೆ ಕೇಳಿದರು, ‘ಹೊಸಪೇಟಿಗೆ ಕಳ್ಸಿದ್ರ ಯಾರರ ತಗದು ಕೊಡ್ತಾರೇನು?’

‘ಇಲ್ರಿ. ಇದು ಯಾರ ಕೈಲೂ ಆಗೂದಿಲ್ಲ.’

ಹೊಸಪೇಟೆಯವರು ಡಿಸ್ಕ್ ತೆರೆದರೆ ಮೊದಲು ಹೇಳುವ ಮಾತು ‘ಇದು ಸುಟ್ಟಿಲ್ಲ, ಫಾರ್ಮ್ಯಾಟ್ ಹೊಡೆದಿದ್ದಾರೆ’ ಎಂಬುದೇ. ಅದಕ್ಕೇ ಆ ಬಾಗಿಲು ಮುಚ್ಚಿದೆ. ಅಳಿಸಿದ್ದು ಅಹಂಕಾರದ ತಪ್ಪು. ಅದನ್ನು ಮರಳಿ ಪಡೆಯದಂತೆ ಮಾಡಿದ್ದು… ಅದಕ್ಕೆ ನಾನು ಇನ್ನೂ ಹೆಸರು ಹುಡುಕಿಲ್ಲ.

ಅಕ್ಕೋರು ಸ್ಟೂಲಿನ ಮೇಲೆ ಕೂತರು. ತಮಗೇ ಹೇಳಿಕೊಳ್ಳುವವರಂತೆ ಅಂದರು: ‘ನಾನ ತಪ್ಪ ಮಾಡಿದೆ. ನೀ ಲಗೂನ ಆಗೂ ದಾರಿ ಹೇಳಿದ್ದಿ. ನಾನ ತಡದ್ದು ಮಾಡು ಅಂದೆ. ಅಷ್ಟೊತ್ತು ಓಡಿದ್ದಕ್ಕ ಕಾದು ಸುಟ್ಟಿರಬೇಕು.’

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೊಸ ಡಿಸ್ಕಿಗೆ ದುಡ್ಡು ಬೇಡ ಎಂದೆ. ‘ದೊಡ್ಡ ಮನಸ ನಿಂದು’ ಎಂದು ಅವರು ನನ್ನ ಬೆನ್ನು ತಟ್ಟಿ ಹೋದರು. ಹಳೆಯ ಡಿಸ್ಕನ್ನು ಅವತ್ತೇ ಗುಜರಿಗೆ ಹಾಕಿದೆ.

ಎರಡು ದಿನ ಅವರ ಸುದ್ದಿ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಂಗಡಿಯ ಕದ ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು — ಕೈಯಲ್ಲಿ ಬುತ್ತಿಯ ಗಂಟು, ಹೆಗಲಿಗೆ ಚೀಲ, ಬಿಸಿಲಿಗೆ ತಲೆ ಮೇಲೆ ಟವೆಲ್ಲು.

‘ಬಸವರಾಜ, ಬೈಕ್ ತಗಿ. ಹನುಮಸಾಗರಕ್ಕ ಹೋಗೂಣು. ಹೇಳಿದವ್ರು ಇನ್ನೂ ಅದಾರ, ಮತ್ತ ಹೇಳ್ತಾರ. ನಿನ್ನ ಲ್ಯಾಪ್‌ಟಾಪೂ ತಗೋ.’

ಇಲ್ಲ ಅನ್ನಲು ನನಗೆ ಯಾವ ಬಾಯಿ? ತೆಗೆದೆ.

ಇನ್ನು ಮುಂದಿನದನ್ನು ಬರೆಯುವಾಗ ನನ್ನ ಮುಖದಲ್ಲಿ ನಗು ಬರುತ್ತದೆ, ತಡೆಯಲು ಆಗುವುದಿಲ್ಲ. ಎರಡು ವರ್ಷದ ಭಾನುವಾರಗಳು. ನನ್ನ ಜೀವನದಲ್ಲಿ ಅಷ್ಟು ನಕ್ಕ ಕಾಲ ಮತ್ತೊಂದಿಲ್ಲ.

ಹನುಮಸಾಗರದ ಮೊದಲ ಮನೆಯಲ್ಲೇ ಹೆಂಗಸರು ನನ್ನನ್ನು ಹೊರಗೆ ಹಾಕಿದರು. ‘ಈ ಗಂಡಸು ಇಲ್ಲಿದ್ರ ನಾವು ಹೇಳೂದಿಲ್ಲ ನೋಡ್ರಿ ಅಕ್ಕೋರ.’ ನಾನು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ಬಂದದ್ದನ್ನು ಟೈಪ್ ಮಾಡುತ್ತಿದ್ದೆ. ಒಳಗಿನಿಂದ ಅಕ್ಕೋರು ‘ಬಂತೇನು?’ ಎಂದು ಕೂಗುವುದು, ನಾನು ‘ಬಂತ್ರಿ’ ಎನ್ನುವುದು. ಒಬ್ಬಾಕೆ ಕಣ್ಣು ತಗ್ಗಿಸಿ ಶುರು ಮಾಡಿದಳು ಎಂದು ಅಕ್ಕೋರು ಆಮೇಲೆ ಹೇಳಿದರು. ನನಗೆ ಕೇಳಿಸಿದ್ದು ದನಿ ಮಾತ್ರ:

‘ಗ್ಯಾಸಿನ ಒಲಿ ಹಚ್ಚಿದ್ರ ನೀಲಿ ಉರಿ,
ಮಲ್ಲಪ್ಪನ ಮಾತ ಕೇಳಿದ್ರ ಮೈಯೆಲ್ಲ ಉರಿ.’

ಒಳಗೆ ಮನೆ ಹಾರಿಹೋಗುವಂತೆ ನಕ್ಕರು. ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಿದ್ದ ಮೀಸೆಯ ಮನುಷ್ಯ ಗಂಭೀರವಾಗಿ ನನ್ನತ್ತ ತಿರುಗಿ, ‘ಮಲ್ಲಪ್ಪ ಅಂದ್ರ ನಾನ ರೀ. ಅದನ್ನೂ ಬರಕೊಂಡ್ರೇನು?’ ಎಂದ. ಬರೆದುಕೊಂಡೆ ಎಂದೆ. ‘ಬರಕೋರಿ, ಬರಕೋರಿ. ಖರೇನ ಐತಿ’ ಎಂದು ಬೀಡಿ ಹಚ್ಚಿದ.

ಅಕ್ಕೋರಿಗೆ ಒಂದು ವಿಚಿತ್ರ ಗೊತ್ತಾಯಿತು. ಇಪ್ಪತ್ತು ವರ್ಷದ ಹಿಂದೆ ಹೇಳಿದ್ದ ಹೆಂಗಸರು ಹಳೆಯದನ್ನು ಹೇಳುತ್ತ ಹೇಳುತ್ತ ಹೊಸದನ್ನೂ ಕಟ್ಟುತ್ತಿದ್ದರು. ಆಗ ಸೊಸೆಯಾಗಿದ್ದವರು ಈಗ ಅತ್ತೆಯಾಗಿದ್ದರು, ಬಾಯಿ ಧಾರಾಳವಾಗಿತ್ತು. ಯಲಬುರ್ಗಾದ ಹತ್ತಿರ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಸಾಲು ಬಿಡದೆ, ತಲೆ ಎತ್ತದೆ ಹೇಳಿದಳು:

‘ಮೊಬೈಲಿಗೆ ಬೇಕು ದಿನಾ ಚಾರ್ಜು,
ನಮ್ಮ ಶರಣಪ್ಪಗ ನಾನ ಇನ್‌ಚಾರ್ಜು.’

ಅಕ್ಕೋರು ಹೊಲದ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಬೈಕಿನ ಮೇಲೆ ವಾಪಸು ಬರುವಾಗಲೂ ಹಿಂದಿನಿಂದ ನಡುನಡುವೆ ನಗು ಕೇಳುತ್ತಿತ್ತು. ಕಾಲುವೆಯ ಕಡೆ ಗಂಗಾವತಿಯ ಹಳ್ಳಿಗಳಲ್ಲಿ ತೆಲುಗು ಮಾತಾಡುವ ಮನೆಯವರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದರು. ಅಲ್ಲಿ ಅಕ್ಕಿಯ ಮೇಲೆ, ನಾಟಿಯ ಮೇಲೆ ಒಡಪುಗಳಿದ್ದವು. ಊಟ ಮಾಡದೆ ಯಾರೂ ಬಿಡುತ್ತಿರಲಿಲ್ಲ. ಒಂದೇ ದಿನ ಮೂರು ಮನೆಯಲ್ಲಿ ಉಂಡದ್ದಿದೆ.

ನಾನು ಪ್ರತಿ ಸಂಜೆ ಟೈಪ್ ಮಾಡಿದ್ದನ್ನು ಮೂರು ಕಡೆ ಇಡುತ್ತಿದ್ದೆ, ಒಂದು ಪ್ರತಿ ಕಾಗದದ ಮೇಲೂ ತೆಗೆಯುತ್ತಿದ್ದೆ. ಅಕ್ಕೋರು ಅದನ್ನು ನೋಡಿ ಎಲ್ಲರ ಮುಂದೆ ಹೊಗಳುತ್ತಿದ್ದರು: ‘ಇಂವ ಭಾಳ ಜ್ವಾಕಿ ಮನುಷ್ಯಾ.’ ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಮೊದಲು ಇದ್ದದ್ದಕ್ಕಿಂತ ಹೆಚ್ಚು ಒಡಪು ಸೇರಿದವು. ಅಕ್ಕೋರು ಒಮ್ಮೆ ಚಹಾ ಕುಡಿಯುತ್ತ ಅಂದರು: ‘ಡಿಸ್ಕ್ ಸುಟ್ಟದ್ದ ಛಲೋ ಆತು ನೋಡು. ಇಲ್ಲಾಂದ್ರ ಇಷ್ಟು ಮಂದೀನ ಮತ್ತ ನೋಡ್ತಿದ್ದಿಲ್ಲ.’ ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಮಾತನ್ನು ನಾನು ಬಹಳ ದಿನ ಇಟ್ಟುಕೊಂಡು ಬದುಕಿದೆ — ಛಲೋ ಆಯಿತಲ್ಲ, ಎಲ್ಲ ಛಲೋ ಆಯಿತಲ್ಲ, ಇನ್ನೇನು ಹೇಳುವುದಿದೆ…

ಕನಕಗಿರಿಗೆ ಹೋಗುವವರೆಗೆ.

ಅಲ್ಲಿಯ ದುರಗವ್ವನ ಹೆಸರನ್ನು ಅಕ್ಕೋರು ದಾರಿಯುದ್ದಕ್ಕೂ ಹೇಳುತ್ತಿದ್ದರು. ಬಹಳ ಹಿಂದೆ ಒಂದು ಮಧ್ಯಾಹ್ನ ಶೇಂಗಾ ಒಡೆಯುತ್ತ ಕೂತಿದ್ದ ದುರಗವ್ವ, ಗಂಡ ಯಂಕಪ್ಪನ ಹೆಸರಿಟ್ಟು ಒಂದೇ ಸಮನೆ ನಲವತ್ತು ಒಡಪು ಹೇಳಿದ್ದಳಂತೆ. ಒಂದರ ಹಾಗೆ ಇನ್ನೊಂದಿರಲಿಲ್ಲವಂತೆ. ‘ಆಕಿನ ನನ್ನ ಪುಸ್ತಕದ ಮೊದಲನೇ ಪುಟ’ ಎಂದಿದ್ದರು ಅಕ್ಕೋರು.

ಸಂತೆಯ ದಿನ. ಬೈಕ್ ದೂರ ನಿಲ್ಲಿಸಿ, ಮೆಣಸಿನಕಾಯಿ ಚೀಲಗಳ ನಡುವೆ ದಾರಿ ಮಾಡಿಕೊಂಡು ಅವರ ಮನೆ ಹುಡುಕಿ ಹೋದೆವು. ಬಾಗಿಲಿಗೆ ಬಂದ ಸೊಸೆ ಅಕ್ಕೋರ ಗುರುತು ಹಿಡಿದು ನಕ್ಕಳು. ಆಮೇಲೆ ಹೇಳಿದಳು, ‘ಅತ್ತಿ ತೀರಿಕೊಂಡು ಮೂರು ವರ್ಷ ಆತ್ರಿ.’

ಸೊಸೆಗೆ ಅತ್ತೆಯ ಒಡಪು ಒಂದೂ ಬರುತ್ತಿರಲಿಲ್ಲ. ಅಡುಗೆಮನೆಯಿಂದ ಕೇಳಿ ನಗುತ್ತಿದ್ದಳಂತೆ, ಅಷ್ಟೇ. ಅಕ್ಕೋರು ನೆನಪು ಮಾಡಿಕೊಳ್ಳಲು ಕೂತರು. ಒಂದು ಬಂತು:

‘ಎಳ್ಳು ಹುರದ್ರ ಚಟಪಟ ಸಿಡೀತೈತಿ,
ಯಂಕಪ್ಪನ ಹೆಸರು ನಾಲಗಿ ಮ್ಯಾಲ ಕುಣೀತೈತಿ.’

ಇನ್ನೊಂದರ ಅರ್ಧ ಬಂತು — ‘ಕನಕಗಿರಿ ಸಂತ್ಯಾಗ ಕಂಡೆ ಕೆಂಪ ಸೀರಿ’. ಮುಂದೆ ಏನು? ಕಣ್ಣು ಮುಚ್ಚಿ ಬೆರಳು ಆಡಿಸಿದರು. ಬರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ಒಬ್ಬ ಅಜ್ಜ ಕೂತಿದ್ದ. ಎಂಬತ್ತು ದಾಟಿದ್ದ. ಅವನೇ ಯಂಕಪ್ಪ. ಮಾತೆಲ್ಲ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ.

‘ಅಕ್ಕೋರ, ಆಕಿ ನನ್ನ ಹೆಸರು ಹಾಕಿ ಏನೇನೋ ಹೇಳಿದ್ಲಂತ. ನನ್ನ ಮುಂದ ಎಂದೂ ಹೇಳ್ಲಿಲ್ಲ, ನಾಚಿಕಿ. ನಾ ಹೊಲಕ್ಕ ಹ್ವಾದ ಮ್ಯಾಲೆ ಹೇಳಾಕಿ. ನೀವು ಬರಕೊಂಡಿದ್ರಲ್ಲ, ಸ್ವಲ್ಪ ಓದ್ರಿ ನೋಡೂಣು.’

ಅಕ್ಕೋರು ಅವನ ಹತ್ತಿರ ಹೋಗಿ ಕೂತು ಹೇಳಿದರು: ‘ಯಂಕಪ್ಪಜ್ಜ, ಅವು ಕಂಪ್ಯೂಟರಿನ್ಯಾಗ ಇದ್ವು. ಸುಟ್ಟ ಹ್ವಾದ್ವು. ನನ್ನದ ತಪ್ಪು.’

ಅಜ್ಜ ನಕ್ಕ. ಹಲ್ಲಿಲ್ಲದ ಬಾಯಿಯ ದೊಡ್ಡ ನಗು. ‘ಹೋಗ್ಲಿ ಬಿಡ್ರಿ. ಆಕಿ ಇದ್ದಾಗೂ ನನಗ ಹೇಳ್ಲಿಲ್ಲ, ಹ್ವಾದ ಮ್ಯಾಲೂ ಹೇಳ್ಲಿಲ್ಲ. ಭಾಳ ಹಟದಾಕಿ.’

ಎಲ್ಲರೂ ನಕ್ಕರು. ಸೊಸೆ ನಕ್ಕಳು, ಅಕ್ಕೋರು ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ಆ ನಗು… ಅದನ್ನು ನಕ್ಕದ್ದಕ್ಕೇ ನನಗೆ ಇಂದಿಗೂ ನಾಚಿಕೆ. ಅಕ್ಕೋರು ನನ್ನ ತಪ್ಪನ್ನು ತಮ್ಮದೆಂದು ಒಬ್ಬ ಮುದುಕನ ಮುಂದೆ ಒಪ್ಪಿಕೊಳ್ಳುವಾಗ ನಾನು ಬಾಗಿಲಲ್ಲಿ ನಿಂತು ನಕ್ಕೆ.

ಅದಾದ ಮೇಲೂ ನಾಲ್ಕು ವರ್ಷ ಸುಮ್ಮನಿದ್ದೆ. ಪುಸ್ತಕ ಕೊಪ್ಪಳದ ಮುದ್ರಣಾಲಯಕ್ಕೆ ಹೋಯಿತು. ನೀನೂ ಎರಡು ಮಾತು ಬರೆ ಎಂದರು ಅಕ್ಕೋರು. ಅಂಗಡಿಯಲ್ಲಿ ಕೂತು ಬರೆಯಲು ಹೋದೆ: ‘ದುರದೃಷ್ಟವಶಾತ್ ಡಿಸ್ಕ್ ಸುಟ್ಟುಹೋದ ಕಾರಣ’ — ಅಲ್ಲಿಗೆ ಕೈ ನಿಂತಿತು. ಬಾಯಲ್ಲಿ ಹೇಳಿದ ಸುಳ್ಳನ್ನು ಅಚ್ಚಿನಲ್ಲಿ ಹೇಳಲು ಆಗಲಿಲ್ಲ. ನನ್ನ ಹೆಂಡತಿ ರೇಣುಕಾಳಿಗೆ ಮೊದಲು ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ‘ನನಗ ಹೇಳಿದ್ರ ಏನ ಬಂತ್ರಿ? ಎದ್ದು ಹೋಗ್ರಿ, ಅವರಿಗೆ ಹೇಳ್ರಿ’ ಎಂದಳು.

ಹೋದೆ. ಅಕ್ಕೋರು ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ — ಮೂರನೇ ದಾರಿ ಹಿಡಿದದ್ದು, ಡಿಸ್ಕ್ ಸುಡದೆ ಇದ್ದದ್ದು, ಅವರ ಮೇಲೆ ಅವರೇ ಹಾಕಿಕೊಂಡ ತಪ್ಪನ್ನು ನಾನು ಹಾಗೇ ಬಿಟ್ಟದ್ದು. ಅವರು ಸೊಪ್ಪು ಸೋಸುವುದನ್ನು ಮುಗಿಸಿದರು. ಕಡ್ಡಿಗಳನ್ನು ಒಟ್ಟುಮಾಡಿ ಹೊರಗೆ ಹಾಕಿ ಬಂದರು. ಕೈ ತೊಳೆದರು. ನನಗೆ ಕಂಪ್ಯೂಟರ್ ತೋರಿಸಿದರು. ಅದರ ಮೇಲೆ ಮತ್ತೆ ಅಂಥದೇ ಸೂಚನೆ ಬಂದಿತ್ತು — ಈ ಆವೃತ್ತಿಯೂ ಹಳೆಯದಾಯಿತು, ಹೊಸದಕ್ಕೆ ಬನ್ನಿ.

‘ಮಾಡು. ಅವತ್ತ ನಾ ಹೇಳಿದ್ದನ್ನ ಮಾಡು. ನಾ ಇಲ್ಲೇ ಕುಂದರ್ತೀನಿ.’

ಅಂಗಡಿಯಿಂದ ಪೆನ್‌ಡ್ರೈವ್ ತಂದೆ. ಮೊದಲು ಎಲ್ಲವನ್ನೂ ಬೇರೆ ಕಡೆ ತೆಗೆದಿಟ್ಟೆ. ಯಾವ ಫೋಲ್ಡರ್ ಎಲ್ಲಿದೆ ಎಂದು ಒಂದೊಂದಾಗಿ ಕೇಳಿದೆ, ಅವರು ಒಂದೊಂದಾಗಿ ತೋರಿಸಿದರು. ಆಮೇಲೆ ಹಳೆಯದರ ಮೇಲೆ ಹೊಸದನ್ನು ಏರಿಸಲು ಹಚ್ಚಿದೆ. ಪರದೆಯ ಮೇಲೆ ಶೇಕಡಾ ಒಂದು, ಶೇಕಡಾ ಎರಡು… ಅವರು ಒಂದು ಕುರ್ಚಿಯಲ್ಲಿ, ನಾನು ಒಂದು ಕುರ್ಚಿಯಲ್ಲಿ. ಮೂರು ತಾಸು. ಆರು ವರ್ಷದ ಹಿಂದೆ ನಾನು ಉಳಿಸಲು ಹೋದದ್ದು ಇಷ್ಟೇ ಹೊತ್ತು.

ಶೇಕಡಾ ಮೂವತ್ತರ ಹತ್ತಿರ ಅವರು ಕೇಳಿದರು, ‘ಹೊಸಪೇಟಿಗೆ ಕಳ್ಸಿದ್ರ ಬರ್ತಿದ್ವೇನು?’

‘ಬರ್ತಿದ್ವು ಅಕ್ಕೋರ. ಎಲ್ಲ ಅಲ್ಲದಿದ್ರೂ ಭಾಳಷ್ಟು ಬರ್ತಿದ್ವು.’

‘ದುರಗವ್ವಂದು?’

‘ಬರಬಹುದಿತ್ರಿ.’

ಅವರು ಎದ್ದು ಹೋಗಿ ಎರಡು ಲೋಟ ಚಹಾ ತಂದರು. ನನ್ನದರಲ್ಲಿ ಸಕ್ಕರೆ ಇರಲಿಲ್ಲ. ಮರೆತರೋ ಏನೋ, ಕೇಳಲಿಲ್ಲ, ಕುಡಿದೆ. ಕಂಪ್ಯೂಟರ್ ಎರಡು ಸಲ ತಾನೇ ಆರಿ ತಾನೇ ಹೊತ್ತಿತು. ಕೊನೆಗೆ ಹೊಸ ಪರದೆ ಬಂದಾಗ ಅವರು ಮುಂದಕ್ಕೆ ಬಾಗಿ, ಮೌಸ್ ಹಿಡಿದು, ಒಡಪಿನ ಫೋಲ್ಡರ್ ತೆರೆದರು. ಎಲ್ಲ ಇದ್ದಲ್ಲೇ ಇದ್ದವು. ಅವರ ಮುಖದಲ್ಲಿ — ನಾನು ನೋಡಿದೆ — ಒಂದು ಸಣ್ಣ ಹಿಗ್ಗು ಬಂದು ಹೋಯಿತು.

‘ಪುಸ್ತಕದಾಗ ಇದನ್ನ ಬರಿ’ ಎಂದರು. ‘ಅದಕ್ಕಿಂತ ಮೊದಲ ಕನಕಗಿರಿಗೆ ಹೋಗು. ಯಂಕಪ್ಪಜ್ಜ ಇನ್ನೂ ಅದಾನ. ನನ್ನ ತಪ್ಪು ಅಂತ ನಾ ಅವನಿಗೆ ಹೇಳೀನಿ. ಅದು ಖರೆ ಅಲ್ಲ ಅಂತ ನೀ ಹೋಗಿ ಹೇಳಬೇಕು.’

ಮರುದಿನ ಒಬ್ಬನೇ ಹೋದೆ. ಅಜ್ಜ ಅದೇ ಪಡಸಾಲೆಯಲ್ಲಿದ್ದ, ಇನ್ನಷ್ಟು ಸಣ್ಣಗಾಗಿದ್ದ. ಕಿವಿ ಮಂದವಾಗಿತ್ತು. ನಾನು ಮೆಲ್ಲಗೆ ಹೇಳಬೇಕೆಂದಿದ್ದ ಮಾತನ್ನು ಕೂಗಿ ಕೂಗಿ ಹೇಳಬೇಕಾಯಿತು. ಮೊದಲು ಸೊಸೆ ಹೊರಗೆ ಬಂದಳು, ಆಮೇಲೆ ಪಕ್ಕದ ಮನೆಯವರು ಬಂದರು, ಹಿಟ್ಟಿನ ಗಿರಣಿಗೆ ಹೊರಟಿದ್ದ ಇಬ್ಬರು ಹೆಂಗಸರು ನಿಂತರು. ಎಲ್ಲರ ಮುಂದೆ ಕೂಗಿದೆ: ‘ಅಜ್ಜ, ದುರಗವ್ವಜ್ಜಿ ಹೇಳಿದ್ದು ಸುಟ್ಟಿದ್ದಿಲ್ಲ. ನಾನ ಅಳಿಸಿದೆ. ಅಕ್ಕೋರ ತಪ್ಪಲ್ಲ.’

ಮೂರನೇ ಸಲಕ್ಕೆ ಅವನಿಗೆ ತಿಳಿಯಿತು. ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ನಾನು ಕ್ಷಮೆ ಕೇಳಲಿಲ್ಲ — ಕೇಳಿದರೆ ಅವನು ನಕ್ಕು ಕೊಟ್ಟುಬಿಡುತ್ತಾನೆ ಎಂದು ಗೊತ್ತಿತ್ತು, ಹಾಗೆ ಸುಲಭವಾಗಿ ಪಡೆಯಬಾರದೆನಿಸಿತು.

‘ನಲವತ್ತೂ ಹ್ವಾದ್ವೇನು?’

‘ಒಂದು ಉಳದೈತ್ರಿ. ಅಕ್ಕೋರ ನೆನಪಿನಾಗ ಇದ್ದದ್ದು.’

‘ಹೇಳು.’

ಕೂಗಿ ಹೇಳಿದೆ, ಎಳ್ಳು ಹುರಿದ ಒಡಪನ್ನು. ನೆರೆದವರು ನಕ್ಕರು. ಅಜ್ಜ ನಗಲಿಲ್ಲ, ತುಟಿಯಲ್ಲೇ ಒಂದು ಸಲ ಹೇಳಿಕೊಂಡ. ಆಮೇಲೆ ಗೋಡೆಗೆ ಕೈ ಕೊಟ್ಟು ನೆಟ್ಟಗೆ ಕೂತ.

‘ಆಕಿ ನಲವತ್ತು ಹೇಳಿದ್ಲು. ನಾ ಒಂದೂ ಹೇಳ್ಲಿಲ್ಲ. ಲಗ್ನದಾಗ ಹೇಳು ಅಂದ್ರು, ಬಾಯಿ ಬರ್ಲಿಲ್ಲ ನನಗ. ಈಗ ಹೇಳ್ತೀನಿ, ಬರಕೋ.’

ಲ್ಯಾಪ್‌ಟಾಪ್ ತೆಗೆಯಲು ಹೋದೆ. ‘ಅದರಾಗ ಬ್ಯಾಡ’ ಎಂದ. ಸೊಸೆ ಒಳಗಿನಿಂದ ಒಂದು ಹಾಳೆ, ಪೆನ್ನು ತಂದು ಕೊಟ್ಟಳು. ಅಜ್ಜ ನಿಧಾನವಾಗಿ, ನಾನು ಬರೆದು ಮುಗಿಸುವವರೆಗೆ ಪ್ರತಿ ಸಾಲಿಗೆ ಕಾಯುತ್ತ ಹೇಳಿದ:

‘ಎತ್ತಿಗೆ ಹಗ್ಗ, ಬಾವಿಗೆ ಕಟ್ಟಿ,
ದುರಗವ್ವ ನಕ್ಕಳಂದ್ರ ನನ್ನ ಮನಿ ಗಟ್ಟಿ.’

ಗಿರಣಿಗೆ ಹೊರಟಿದ್ದ ಹೆಂಗಸೊಬ್ಬಳು ‘ಅಯ್ಯ ಯಜ್ಜ’ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಸೊಸೆ ಓಡಿ ಒಳಗೆ ಹೋದಳು; ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅಜ್ಜ ನನ್ನಿಂದ ಅದನ್ನು ಓದಿಸಿದ. ಇನ್ನೊಮ್ಮೆ ಓದಿಸಿದ. ಜೋರಾಗಿ ಓದು ಎಂದು ಮತ್ತೊಮ್ಮೆ ಓದಿಸಿದ. ಓಣಿಗೆಲ್ಲ ಕೇಳಿಸಿತು. ಮದುಮಗನ ಹಾಗೆ ಕೆಂಪಾಗಿ ಕೂತಿದ್ದ.

ಆ ಒಡಪು ಈಗ ಈ ಪುಸ್ತಕದ ಮೊದಲನೇ ಪುಟದಲ್ಲಿದೆ, ಅದರ ಕೆಳಗೆ ಎಳ್ಳಿನದು. ಆ ಪುಟದಲ್ಲಿ ಇರಬೇಕಾಗಿದ್ದ ಉಳಿದ ಮೂವತ್ತೊಂಬತ್ತು ಎಲ್ಲೂ ಇಲ್ಲ. ಕೆಂಪು ಸೀರೆಯ ಒಡಪಿನ ಎರಡನೇ ಸಾಲು ಯಾರಿಗಾದರೂ ಗೊತ್ತಿದ್ದರೆ ಅಕ್ಕೋರಿಗೆ ತಿಳಿಸಿ; ನನಗಲ್ಲ, ಅವರಿಗೆ.

ಅಕ್ಕೋರು ಇಲ್ಲಿಯವರೆಗೆ ನನಗೆ ಪರವಾಗಿಲ್ಲ ಎಂದು ಹೇಳಿಲ್ಲ. ಹೇಳಲಿ ಎಂದು ನಾನು ಕಾಯುತ್ತಿಲ್ಲ. ನಿನ್ನೆ ಫೋನ್ ಮಾಡಿದ್ದರು. ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ತೊಂಬತ್ತು ವರ್ಷದ ಮುದುಕಿಯೊಬ್ಬಳು ಇದ್ದಾಳಂತೆ, ಅವಳಿಗೆ ಒಡಪು ಬಹಳ ಬರುತ್ತವಂತೆ. ‘ಭಾನುವಾರ ಎಂಟಕ್ಕ ಬಾ’ ಎಂದು ಹೇಳಿ ಇಟ್ಟುಬಿಟ್ಟರು.

ಏಳೂವರೆಗೇ ಹೋಗುತ್ತೇನೆ.